ಹಳೆಯ ಆಸ್ಟ್ರಿಯನ್ ಜೋಡುನಳಿಗೆ ಕೋವಿ: ಗುರುತು, ದೋಷ, ಬೆಲೆ

ಹೊರಗೆ ಎರಡು ಕುದುರೆ (ತೋಟಾ ಸಿಡಿಸಲು ಬಡಿಯುವ ಸುತ್ತಿಗೆ) ಎದ್ದು ಕಾಣುವ ಹಳೆಯ ಜೋಡುನಳಿಗೆ ಕೈಗೆ ಬಂದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ನಳಿಗೆಗಳ ನಡುವಿನ ಮೇಲ್ಪಟ್ಟಿಯಲ್ಲಿ ಕೆತ್ತಿದ ಹೆಸರಿಗೆ. ದಾರಿ ತಪ್ಪುವುದೂ ಅಲ್ಲೇ. ಆ ಹೆಸರು ಬಹಳ ಸಲ ಮಾರಿದ ಅಂಗಡಿಯದು, ಮಾಡಿದವನದಲ್ಲ. ಆಸ್ಟ್ರಿಯಾದ ಪಟ್ಟಣಗಳ ಅಂಗಡಿಗಳು ಕೋವಿ ಕಸುಬಿನ ಊರು ಫೆರ್ಲಾಖ್‌ನ ಕಮ್ಮಟಗಳಲ್ಲಿ ಕೋವಿ ಮಾಡಿಸಿ ಮೇಲೆ ತಮ್ಮ ಹೆಸರು ಕೆತ್ತಿಸುತ್ತಿದ್ದವು. ಕೋವಿಯ ನಿಜವಾದ ಜಾತಕ ಇರುವುದು ನಳಿಗೆಗಳ ಹೊಟ್ಟೆಯಡಿಯಲ್ಲಿ, ಮುಂದಿನ ಮರ ಬಿಚ್ಚದೆ ಕಾಣದ ಜಾಗದಲ್ಲಿ.

ಕೇಳಬೇಕಾದ ಪ್ರಶ್ನೆಗಳಿಗೂ ಒಂದು ಕ್ರಮವಿದೆ. ಈ ಕೋವಿ ಯಾವ ತೋಟಾ ತಡೆಯುತ್ತದೆ ಎನ್ನುವುದು ಮೊದಲು. ಎಲ್ಲಿಯದು, ಯಾವ ಕಾಲದ್ದು ಎನ್ನುವುದು ಆಮೇಲೆ. ಎಷ್ಟು ಬಾಳುತ್ತದೆ ಎನ್ನುವುದು ಕೊನೆಗೆ. ಕೊಳ್ಳುವವರಲ್ಲಿ ಹೆಚ್ಚಿನವರು ಇದನ್ನು ತಲೆಕೆಳಗಾಗಿ ಕೇಳುತ್ತಾರೆ.

ಕೆಲಸಕ್ಕೆ ಕೂರುವ ಮುನ್ನ

ಕೋವಿ ಬಗ್ಗಿಸಿ ಎರಡೂ ಚೇಂಬರ್ (ನಳಿಗೆಯ ಹಿಂದೆ ತೋಟಾ ಕೂರುವ ಜಾಗ) ಖಾಲಿ ಇವೆಯೇ ಎಂದು ಕಣ್ಣಿನಿಂದ ನೋಡಿ, ಬೆರಳಿನಿಂದಲೂ ಮುಟ್ಟಿ ನೋಡಿ. ತೋಟಾ ಇದ್ದ ಕೋಣೆಯಲ್ಲಿ ಈ ಕೆಲಸ ಬೇಡ. ಕೋವಿ ತೆರೆಯದೆ ಬಿಗಿದುಕೊಂಡಿದ್ದರೆ ಒಳಗೆ ತೋಟಾ ಇದೆ ಎಂದೇ ತಿಳಿದು ಬಾಯಿಯನ್ನು ಮಣ್ಣಿನ ದಿಬ್ಬದ ಕಡೆ ತಿರುಗಿಸಿಡಿ.

ಭಾರತದಲ್ಲಿ ಇಂಥ ಕೋವಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬರುತ್ತದೆ, ನೂರು ವರ್ಷ ಹಳೆಯದು ಎಂಬುದು ನೆಪವಾಗದು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿ 2029ರ ಅಕ್ಟೋಬರ್ 31ರವರೆಗೆ ಇದೆ, ಅಲ್ಲೂ ವಿನಾಯಿತಿ ಪತ್ರ ಕೈಯಲ್ಲಿರಬೇಕು. ಅಟ್ಟದ ಮೇಲೆ ದಾಖಲೆಯಿಲ್ಲದ ಕೋವಿ ಸಿಕ್ಕರೆ ಮೊದಲು ಠಾಣೆ ಅಥವಾ ಲೈಸೆನ್ಸ್ ಇರುವ ವ್ಯಾಪಾರಿಯ ಬಳಿ ಠೇವಣಿ ಇಡಿ, ಪರೀಕ್ಷೆ ಆಮೇಲೆ. ಕೆಳಗೆ ಹೇಳುವುದರಲ್ಲಿ ನೋಡುವುದು, ಅಳೆಯುವುದು ನಿಮ್ಮ ಕೆಲಸ. ಬೆಸುಗೆ, ಅರ, ಬುರುಸುಯಂತ್ರ ಮುಟ್ಟುವುದು ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಕೆಲಸ.

ಬೇಕಾಗುವ ಸಾಮಾನು: ವರ್ನಿಯರ್ ಕ್ಯಾಲಿಪರ್, 15 ಸೆಂ.ಮೀ.ನ ತೆಳು ಉಕ್ಕಿನ ಸ್ಕೇಲು, ಫೀಲರ್ ಗೇಜು, ಟಾರ್ಚು, ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ಒಂದು ಜೊತೆ ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ನಕಲಿ ತೋಟಾ), ಮೇಣದಬತ್ತಿ. ಒಳವ್ಯಾಸ ಅಳೆಯುವ ಬೋರ್ ಗೇಜು, ನಳಿಗೆಯ ದಪ್ಪ ಅಳೆಯುವ ಗೇಜು ರಿಪೇರಿಯವರ ಬಳಿ ಇರುತ್ತವೆ. ಇವೆರಡಿಲ್ಲದೆ ಕೊನೆಯ ತೀರ್ಪು ಕೊಡಬೇಡಿ.

ಮುದ್ರೆಗಳನ್ನು ಓದುವುದು

ಮುಂದಿನ ಮರ ತೆಗೆದು, ಕೋವಿ ಬಗ್ಗಿಸಿ, ನಳಿಗೆ ಕಳಚಿ ಬೋರಲು ಹಾಕಿ. ಎಣ್ಣೆಯ ಜಿಡ್ಡನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ. ಉಕ್ಕಿನ ಉಣ್ಣೆ, ಮರಳುಕಾಗದ ಬೇಡ, ಅದರಿಂದ ಮುದ್ರೆಯೂ ಹೋಗುತ್ತದೆ, ಬೆಲೆಯೂ ಹೋಗುತ್ತದೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಸವೆದ ಅಕ್ಷರವೂ ನೆರಳಿನಲ್ಲಿ ಏಳುತ್ತದೆ.

ಆಸ್ಟ್ರಿಯಾ-ಹಂಗೆರಿಯಲ್ಲಿ ನಳಿಗೆಗಳ ಸರ್ಕಾರಿ ಪರೀಕ್ಷೆ ಕಡ್ಡಾಯವಾದದ್ದು 1891ರ ಕಾನೂನಿನಿಂದ. ಪರೀಕ್ಷೆ ನಡೆಯುತ್ತಿದ್ದ ಊರುಗಳು ಫೆರ್ಲಾಖ್, ವಿಯೆನ್ನಾ, ಪ್ರಾಗ್, ವೈಪರ್ಟ್, ಬುಡಾಪೆಸ್ಟ್. ಚಕ್ರಾಧಿಪತ್ಯದ ಎರಡು ತಲೆಯ ಹದ್ದು ನಮ್ಮ ಕಣ್ಣಿಗೆ ಥೇಟ್ ಗಂಡಭೇರುಂಡದ ಹಾಗೆ ಕಾಣುತ್ತದೆ. ಆದರೆ ಗಂಡಭೇರುಂಡಕ್ಕಿಂತ ಮುಖ್ಯವಾದದ್ದು ಪಕ್ಕದ ಮೂರಕ್ಷರ. ಎನ್‌ಪಿಎಫ್ ಎಂದಿದ್ದರೆ ಫೆರ್ಲಾಖ್‌ನಲ್ಲಿ ಹೊಗೆಯಿಲ್ಲದ ಮದ್ದಿಗೆ, ಅಂದರೆ ನೈಟ್ರೊ ಮದ್ದಿಗೆ, ಪರೀಕ್ಷೆಯಾದದ್ದು. ಎನ್‌ಪಿವಿ ವಿಯೆನ್ನಾ, ಎನ್‌ಪಿಪಿ ಪ್ರಾಗ್, ಎನ್‌ಪಿಡಬ್ಲ್ಯೂ ವೈಪರ್ಟ್, ಎನ್‌ಪಿಬಿ ಬುಡಾಪೆಸ್ಟ್. ಈ ಅಕ್ಷರಗಳಿಲ್ಲದ ಕೋವಿಯನ್ನು ಕರಿಮದ್ದಿನ ಕೋವಿ ಎಂದೇ ಎಣಿಸಿ, ಎಷ್ಟೇ ಹೊಳೆಯುತ್ತಿರಲಿ.

ಫೆರ್ಲಾಖ್‌ನ ಕೋವಿಗಳಲ್ಲಿ ಒಂದು ಅಂಕೆ, ಚುಕ್ಕಿ, ಆಮೇಲೆ ಎರಡಂಕಿ ಹೀಗೆ ಒತ್ತಿರುವುದು ಸಾಮಾನ್ಯ. ಚುಕ್ಕಿಯ ಮುಂದಿನ ಎರಡಂಕಿ ಪರೀಕ್ಷೆಯ ವರ್ಷ: 1204.11 ಎಂದಿದ್ದರೆ 1911. ಇದನ್ನು ಕೋವಿಯ ಸೀರಿಯಲ್ ನಂಬರೆಂದು ತಿಳಿದು ಲೈಸೆನ್ಸ್ ಪುಸ್ತಕದಲ್ಲಿ ಬರೆದುಕೊಂಡವರಿದ್ದಾರೆ. ತಯಾರಕನ ನಂಬರು ಸಾಮಾನ್ಯವಾಗಿ ನಳಿಗೆ, ಆಕ್ಷನ್ (ನಳಿಗೆ ಕೂರುವ ಕಬ್ಬಿಣದ ಭಾಗ), ಮುಂದಿನ ಮರದ ಕಬ್ಬಿಣ ಮೂರರಲ್ಲೂ ಒಂದೇ ಆಗಿರುತ್ತದೆ. ಮೂರರಲ್ಲಿ ಒಂದು ಬೇರೆಯಾಗಿದ್ದರೆ ಎರಡು ಕೋವಿ ಸೇರಿಸಿ ಒಂದು ಮಾಡಿದ್ದಾರೆ.

ಹೊರದೇಶದ ಕೋವಿಯನ್ನು ಆಸ್ಟ್ರಿಯಾದ್ದೆಂದು ಮಾರುವುದು ಹಳೆಯ ಚಾಳಿ. ಮೊಟ್ಟೆಯಾಕಾರದ ಗೆರೆಯೊಳಗೆ ಇ-ಎಲ್-ಜಿ ಅಕ್ಷರಗಳಿದ್ದರೆ ಅದು ಬೆಲ್ಜಿಯಂನ ಲಿಯೇಜ್. ಯು, ಜಿ, ಎಸ್, ಡಬ್ಲ್ಯೂ ಇಂಥ ಒಂಟಿ ಅಕ್ಷರಗಳ ಮೇಲೆ ಕಿರೀಟವಿದ್ದರೆ ಜರ್ಮನಿ. ಇನ್ನೊಂದು ಕಡೆ, ವೈಪರ್ಟ್ ಮತ್ತು ಪ್ರಾಗ್ ಇವತ್ತು ಚೆಕ್ ದೇಶದಲ್ಲಿವೆ. 1905ರಲ್ಲಿ ಅಲ್ಲಿ ಪರೀಕ್ಷೆಯಾದ ಕೋವಿ ಆಗಿನ ಲೆಕ್ಕಕ್ಕೆ ಆಸ್ಟ್ರಿಯಾದ್ದೇ, ಅದರಲ್ಲಿ ಮೋಸವಿಲ್ಲ.

ಮುದ್ರೆಯೇ ಇಲ್ಲವೆಂದರೆ ಎರಡು ಕಾರಣ: 1891ಕ್ಕಿಂತ ಹಿಂದಿನದು, ಇಲ್ಲವೇ ಯಾರೋ ಹೊಟ್ಟೆಯಡಿಯನ್ನು ಅರದಿಂದ ಉಜ್ಜಿದ್ದಾರೆ. ಉಜ್ಜಿದ ಜಾಗದಲ್ಲಿ ಸಪಾಟಿನ ಅಂಚುಗಳು ಚೂಪು ಕಳೆದುಕೊಂಡು ದುಂಡಗಾಗಿರುತ್ತವೆ, ಭೂತಗನ್ನಡಿಯಲ್ಲಿ ಒಂದೇ ದಿಕ್ಕಿನ ಗೀರು ಕಾಣುತ್ತದೆ.

ನಳಿಗೆಯ ಉಕ್ಕಿನ ಹೆಸರು ಕಾಲವನ್ನೂ ದರ್ಜೆಯನ್ನೂ ಹೇಳುತ್ತದೆ. ಬ್ಯೋಲರ್ ಎಂದಿದ್ದರೆ ಸ್ಟೈರಿಯಾದ ಕಾಪ್ಫೆನ್‌ಬೆರ್ಗ್‌ನ ಉಕ್ಕು. ಅದರಲ್ಲಿ ಆಂಟಿನಿಟ್ ತುಕ್ಕಿಗೆ ಹೆಚ್ಚು ತಡೆಯುವ ಜಾತಿ, ಕರಾವಳಿ ಮಲೆನಾಡಿನ ಗಾಳಿಗೆ ಒಳ್ಳೆಯದು. ಹೆಂಗಸಿನ ಮುಖದ ಪಕ್ಕನೋಟದ ಮುದ್ರೆ ಕಂಡರೆ ಬೊಹೆಮಿಯಾದ ಕ್ಲಾಡ್ನೊ ಊರಿನ ಪೋಲ್ಡಿ ಉಕ್ಕು. ಆ ಕಾರ್ಖಾನೆ ಕಟ್ಟಿದ ಕಾರ್ಲ್ ವಿಟ್‌ಗೆನ್‌ಸ್ಟೈನ್, ತತ್ತ್ವಜ್ಞಾನಿ ಲುಡ್ವಿಗ್‌ನ ಅಪ್ಪ, ಹೆಂಡತಿ ಲಿಯೊಪೋಲ್ಡಿನೆಯ ಹೆಸರನ್ನೇ ಅದಕ್ಕೆ ಇಟ್ಟ. ಕಾರ್ಖಾನೆ ಶುರುವಾದದ್ದು 1889ರಲ್ಲಿ, ಹಾಗಾಗಿ ಈ ಮುದ್ರೆಯ ಕೋವಿ ಅದಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ.

ಒಂದು ಎಚ್ಚರಿಕೆ. ಮುಂದಿನ ಟ್ರಿಗರನ್ನು ಮುಂದಕ್ಕೆ ತಳ್ಳಿದರೆ ಟಿಕ್ ಎಂದು ಕೂತು, ಆಮೇಲೆ ಸೋಕಿದರೆ ಸಾಕು ಬಿಡುವಂತಿದ್ದರೆ ಅದು ಸೂಕ್ಷ್ಮ ಟ್ರಿಗರ್. ಆಗ ಎರಡೂ ನಳಿಗೆಗಳ ಒಳಗೆ ಟಾರ್ಚು ಹಾಕಿ ನೋಡಿ. ಒಂದರಲ್ಲಿ ತಿರುಚು ಗೆರೆಗಳಿದ್ದರೆ ನಿಮ್ಮ ಕೈಯಲ್ಲಿರುವುದು ಚರೆ ಕೋವಿಯಲ್ಲ, ಒಂದು ಚರೆನಳಿಗೆ ಒಂದು ರೈಫಲ್ ನಳಿಗೆಯ ಬ್ಯುಕ್ಸ್‌ಫ್ಲಿಂಟೆ. ಲೈಸೆನ್ಸಿನಲ್ಲಿ ಬರೆಯುವ ಜಾತಿಯೇ ಬೇರೆಯಾಗುತ್ತದೆ.

ತೋಟಾ ಸಲೀಸಾಗಿ ಕೂರುತ್ತದೆ, ಆದರೂ ತಪ್ಪು

ಅಪಾಯವಿರುವುದು ಇಲ್ಲಿ. ಅದಕ್ಕೇ ಇದಕ್ಕೆ ಹೆಚ್ಚು ಹೊತ್ತು ಕೊಡಿ.

ಎರಡು ಮಹಾಯುದ್ಧಗಳಿಗೆ ಮುಂಚಿನ ಯುರೋಪಿನ 12 ಮತ್ತು 16 ಬೋರ್ (ನಳಿಗೆಯ ಅಗಲದ ಅಂಕೆ, ಅಂಕೆ ಹೆಚ್ಚಿದಷ್ಟೂ ನಳಿಗೆ ಕಿರಿದು) ಕೋವಿಗಳಲ್ಲಿ 65 ಮಿ.ಮೀ. ಚೇಂಬರ್ ಸಾಮಾನ್ಯ. ಇವತ್ತಿನ ಅಂಗಡಿಯ ತೋಟಾ ಹೆಚ್ಚಾಗಿ 70 ಮಿ.ಮೀ. ಡಬ್ಬಿಯ ಮೇಲಿನ 70 ಎಂಬುದು ಹೊಡೆದ ಮೇಲೆ ಬಾಯಿ ಬಿಚ್ಚಿದ ಕೇಸಿನ ಉದ್ದ. ಹೊಡೆಯುವ ಮುಂಚೆ ಬಾಯಿ ಮಡಚಿರುವುದರಿಂದ ಅದೇ ತೋಟಾ ಸುಮಾರು 58ರಿಂದ 60 ಮಿ.ಮೀ. ಮಾತ್ರ. ಹಾಗಾಗಿ 65ರ ಚೇಂಬರಿನಲ್ಲಿ ಅದು ಅಳತೆ ತೆಗೆದು ಹೊಲಿಸಿದ ಅಂಗಿಯಂತೆ ಕೂರುತ್ತದೆ, ಕೋವಿ ಮುಚ್ಚುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಹೊಡೆದ ಕ್ಷಣ ಮಡಿಕೆ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಚೇಂಬರಿನ ತುದಿಯ ಇಳಿಜಾರಿಗೆ ಒತ್ತಿಕೊಂಡು ಚರೆಯ ದಾರಿಯನ್ನು ಕಿರಿದು ಮಾಡುತ್ತದೆ. ಒತ್ತಡ ಏರುತ್ತದೆ. ಹೊಡೆದ ಕೇಸಿನ ಬಾಯಿ ಹರಿದು ಕೂದಲಿನಂತೆ ಎದ್ದಿದ್ದರೆ ಹಿಂದಿನ ಮಾಲೀಕ ಇದನ್ನೇ ಮಾಡುತ್ತಿದ್ದ ಎಂದರ್ಥ.

ಕೋವಿ ತೋಟಾಗಳ ಪರೀಕ್ಷೆಯ ಅಂತರರಾಷ್ಟ್ರೀಯ ಸಂಸ್ಥೆ ಸಿಐಪಿಯ ಈಗಿನ ನಿಯಮದಲ್ಲಿ 12 ಬೋರಿನ ಸಾಧಾರಣ ತೋಟಾಗಳ ಒತ್ತಡದ ಮಿತಿ 740 ಬಾರ್, ಹೆಚ್ಚು ಬಲದ ತೋಟಾಗಳದು 1050 ಬಾರ್. ಎರಡನೆಯ ಜಾತಿಯನ್ನು ಕುದುರೆಯ ಹಳೆಯ ಕೋವಿಗೆ ತೋರಿಸಲೂ ಬೇಡಿ.

ಚೇಂಬರ್ ಅಳೆಯಲು ಸರಿಯಾದ ಸಾಧನ ಚೇಂಬರ್ ಗೇಜು. ಅದಿಲ್ಲದಾಗ 19 ಮಿ.ಮೀ. ಅಗಲದ ಉಕ್ಕಿನ ಸ್ಕೇಲನ್ನು 12 ಬೋರಿನ ಚೇಂಬರಿನಲ್ಲಿ ಜಾರಿಸುವ ರೂಢಿಯಿದೆ. ಆದರೆ ಚೇಂಬರಿನ ಮುಂತುದಿ ಸುಮಾರು 20.3 ಮಿ.ಮೀ. ಇರುತ್ತದೆ, ಸ್ಕೇಲು ಅದಕ್ಕಿಂತ ಕಿರಿದು. ಹಾಗಾಗಿ ಅದು ಇಳಿಜಾರಿನೊಳಗೆ ಸ್ವಲ್ಪ ನುಗ್ಗಿಯೇ ನಿಲ್ಲುತ್ತದೆ, ಇರುವುದಕ್ಕಿಂತ ಉದ್ದ ತೋರಿಸುತ್ತದೆ. 70 ಬಂತು ಎಂದು ಕುಣಿಯಬೇಡಿ. ಬಾಯಿಯ ಕಡೆಯಿಂದ ಬೆಳಕು ಬಿಟ್ಟು, ಹಿಂದಿನಿಂದ ನೋಡಿದರೆ ಇಳಿಜಾರು ಶುರುವಾಗುವಲ್ಲಿ ನೆರಳಿನ ಉಂಗುರ ಕಾಣುತ್ತದೆ. ಉದ್ದ ಓದಬೇಕಾದದ್ದು ಅಲ್ಲಿಗೆ.

ಅಳತೆ ನಿಜಕ್ಕೂ 70 ಬಂದು, ಮುದ್ರೆ 65 ಎಂದರೆ ಯಾರೋ ಚೇಂಬರ್ ಕೊರೆದು ಉದ್ದ ಮಾಡಿದ್ದಾರೆ. ಅಲ್ಲಿ ನಳಿಗೆಯ ದಪ್ಪ ಎಲ್ಲಕ್ಕಿಂತ ಹೆಚ್ಚು ಬೇಕಾದ ಜಾಗದಲ್ಲೇ ಕಡಿಮೆಯಾಗಿದೆ, ಹಳೆಯ ಪರೀಕ್ಷೆಯ ಮುದ್ರೆ ಈಗ ಆ ನಳಿಗೆಗೆ ಸಾಕ್ಷಿಯಲ್ಲ. ಉದ್ದ ಒತ್ತಿಲ್ಲದ ಕೋವಿಯನ್ನು ಅಳೆದು ಖಚಿತವಾಗುವವರೆಗೆ 65 ಎಂದೇ ಹಿಡಿಯಿರಿ.

16 ಬೋರಿನ ಕೋವಿಯನ್ನು 12 ಎಂದು ತಿಳಿಯುವ ತಪ್ಪೂ ಆಗುತ್ತದೆ. ಒಳವ್ಯಾಸ 12ಕ್ಕೆ 18.5 ಮಿ.ಮೀ., 16ಕ್ಕೆ 16.8, 20ಕ್ಕೆ 15.6. ಇದನ್ನು ಬಾಯಿಯಲ್ಲಿ ಕ್ಯಾಲಿಪರ್ ಇಟ್ಟು ನೋಡಿದರೆ ಚೋಕಿನಿಂದ, ಅಂದರೆ ಬಾಯಿಯ ಹತ್ತಿರ ನಳಿಗೆಯನ್ನು ಕಿರಿದು ಮಾಡಿರುವುದರಿಂದ, ಮೋಸವಾಗುತ್ತದೆ, ಪೂರ್ತಿ ಚೋಕಿನ 12 ಬೋರಿನ ಬಾಯಿ 17.5ರ ಹತ್ತಿರ ಬರುತ್ತದೆ. ಚೇಂಬರಿನ ಹಿಂತುದಿ ಅಳೆಯಿರಿ: 12ಕ್ಕೆ ಸುಮಾರು 20.6, 16ಕ್ಕೆ ಸುಮಾರು 19.

ನಳಿಗೆ ಮಾತಾಡಿಸುವುದು

ಕಳಚಿದ ನಳಿಗೆಗಳನ್ನು ಹೊಟ್ಟೆಯಡಿಯ ಕೊಕ್ಕೆಯಿಂದ ದಾರದಲ್ಲಿ ತೂಗುಹಾಕಿ ಬೆರಳಗೆಣ್ಣಿನಿಂದ ತಟ್ಟಿ. ಗಂಟೆಯಂತೆ ನಾದ ನಿಲ್ಲಬೇಕು. ಬಡಬಡ ಎಂದರೆ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿದೆ. ಆಸ್ಟ್ರಿಯಾದ ಕೋವಿಗಳಲ್ಲಿ ಇಲ್ಲೊಂದು ಕೊಸರು: ಹೆಗಲಪಟ್ಟಿ ಕಟ್ಟುವ ಬಳೆ ನಳಿಗೆಯಡಿಯಲ್ಲಿ ಇರುವುದು ಮಾಮೂಲು, ಆ ಸಡಿಲ ಬಳೆಯೇ ಜೀರುಂಡೆಯಂತೆ ಸದ್ದು ಮಾಡಿ ಒಳ್ಳೆಯ ನಳಿಗೆಗೆ ಕೆಟ್ಟ ಹೆಸರು ತರುತ್ತದೆ. ಅದನ್ನು ಬಟ್ಟೆಯಲ್ಲಿ ಸುತ್ತಿ ಮತ್ತೆ ತಟ್ಟಿ. ಆಗಲೂ ಬಡಬಡ ಎಂದರೆ ಪಟ್ಟಿಯ ಅಂಚಿನುದ್ದಕ್ಕೆ ಕೆಂಪು ತುಕ್ಕಿನ ಗೆರೆ ಇದೆಯೇ ನೋಡಿ. ಬೆಸುಗೆ ಬಿಟ್ಟರೆ ಒಳಗೆ ನೀರು ಸೇರಿ ಹೊರಗೆ ಕಾಣದ ಕಡೆಯಿಂದ ನಳಿಗೆ ತಿನ್ನುತ್ತದೆ.

ಬಿಳಿ ಗೋಡೆಯ ಕಡೆ ಹಿಡಿದು ಒಳಗೆ ನೋಡುತ್ತಾ ನಿಧಾನ ತಿರುಗಿಸಿ. ಅರ್ಧಚಂದ್ರದ ನೆರಳು ನೆಗ್ಗು. ಸುತ್ತಲೂ ಉಂಗುರದ ನೆರಳು ಉಬ್ಬು. ಬಾಯಲ್ಲಿ ಕೆಸರೋ ಸಿಕ್ಕಿಕೊಂಡ ವ್ಯಾಡೋ (ಮದ್ದಿಗೂ ಚರೆಗೂ ನಡುವಿನ ಬಿಲ್ಲೆ) ಇದ್ದಾಗ ಹೊಡೆದರೆ ಉಬ್ಬು ಬರುತ್ತದೆ. ನೆಗ್ಗನ್ನು ಎತ್ತಬಹುದು. ಉಬ್ಬಿದಲ್ಲಿ ಲೋಹ ಹಿಗ್ಗಿ ತೆಳುವಾಗಿರುತ್ತದೆ, ಬಡಿದು ಕೂರಿಸಿದರೂ ಆ ದೌರ್ಬಲ್ಯ ಹೋಗುವುದಿಲ್ಲ.

ಕಪ್ಪು ಚುಕ್ಕೆಗಳು ತುಕ್ಕಿನ ಗುಳಿ. ಚೇಂಬರಿನ ಮುಂದಿನ 20 ಸೆಂ.ಮೀ. ಒಳಗಿದ್ದರೆ ಚಿಂತೆ, ಬಾಯಿಯ ಹತ್ತಿರವಿದ್ದರೆ ಅಷ್ಟಿಲ್ಲ. ತೀರಾ ಕನ್ನಡಿಯಂತಿದ್ದರೆ ಇನ್ನೂ ಹೆಚ್ಚು ಅನುಮಾನ ಪಡಿ: ಗುಳಿ ಮರೆಸಲು ಒಳಗೆ ಉಜ್ಜಿರಬಹುದು. ಒಳವ್ಯಾಸ ಒತ್ತಿದ ಅಳತೆಗಿಂತ ಕಾಲು ಮಿಲಿಮೀಟರ್‌ಗೂ ಹೆಚ್ಚು ದೊಡ್ಡದಾಗಿದ್ದರೆ ಉಜ್ಜಿದ್ದು ಖಚಿತ. ದಪ್ಪದ ಗೇಜಿನಲ್ಲಿ ಮುಂದಿನ ಭಾಗ ಎಲ್ಲೂ 0.5 ಮಿ.ಮೀ.ಗಿಂತ ಕಡಿಮೆ ಇರಬಾರದು, ಡಮಾಸ್ಕಸ್ ನಳಿಗೆಗೆ (ಅದೇನೆಂದು ಕೆಳಗಿದೆ) 0.7ಕ್ಕಿಂತ ಕಡಿಮೆಯನ್ನು ನಾವು ಒಪ್ಪುವುದಿಲ್ಲ. ಚೇಂಬರಿನ ಮುಂತುದಿಯಲ್ಲಿ 2.5 ಅಥವಾ ಹೆಚ್ಚು ಬೇಕು.

ಬಾಯಿಯಲ್ಲಿ ಎರಡು ನಳಿಗೆಗಳು ಒಂದಕ್ಕೊಂದು ತಾಗಿಕೊಂಡಿರಬೇಕು. ನಡುವೆ ಸೀಸದ ಬೆಸುಗೆ ತುಂಬಿದ ಸಂದಿಯಿದ್ದರೆ ನಳಿಗೆ ಕತ್ತರಿಸಿದ್ದಾರೆ, ಚೋಕು ಹೋಗಿದೆ. ಭಾರತದಲ್ಲಿ ಅನುಮತಿಯಿಲ್ಲದೆ ಕತ್ತರಿಸುವುದು ಅಪರಾಧವೂ ಹೌದು.

ಡಮಾಸ್ಕಸ್ ಎಂದರೆ ಕಬ್ಬಿಣ-ಉಕ್ಕಿನ ಎಳೆಗಳನ್ನು ಜಡೆ ಹೆಣೆದಂತೆ ತಿರುಚಿ ಬೆಸೆದ ನಳಿಗೆ. ಆ ಚಿತ್ತಾರವನ್ನು ಮುಚ್ಚಿ ಕಪ್ಪು ಬಣ್ಣ ಕೊಟ್ಟು ಉಕ್ಕಿನ ನಳಿಗೆಯೆಂದು ಮಾರುತ್ತಾರೆ. ಮುಂದಿನ ಮರದಡಿ ಉಗುರಗಲದ ಜಾಗವನ್ನು ರಿಪೇರಿಯವರು ಹೊಳಪಿಸಿ ಫೆರಿಕ್ ಕ್ಲೋರೈಡ್ ಸವರಿದರೆ ನಿಜವಾದ ಚಿತ್ತಾರ ಎದ್ದು ಬರುತ್ತದೆ. ಇದರ ತದ್ವಿರುದ್ಧವೂ ಇದೆ, ಸಾದಾ ಉಕ್ಕಿನ ಮೇಲೆ ಬರೆದ ಚಿತ್ತಾರ, ಅದು ಮರದಡಿಯಲ್ಲಿ ತಟ್ಟನೆ ನಿಂತುಹೋಗುತ್ತದೆ. ಡಮಾಸ್ಕಸ್ ಆಗಿದ್ದೂ ಎನ್‌ಪಿ ಮುದ್ರೆ ಇರುವ ನಳಿಗೆಗಳಿವೆ. ಹಾಗೆಂದು ನೂರು ವರ್ಷದ ಹಿಂದಿನ ಪಾಸು ಇವತ್ತಿನ ಆರೋಗ್ಯ ಹೇಳುವುದಿಲ್ಲ.

ಮುಚ್ಚಿದ ಕೋವಿ ಅಲುಗುತ್ತದೆ

ಮುಂದಿನ ಮರ ತೆಗೆದು ಪರೀಕ್ಷಿಸಿ, ಅದು ನಳಿಗೆಯನ್ನು ಹಿಂದಕ್ಕೆ ಒತ್ತಿ ಸಡಿಲವನ್ನು ಮುಚ್ಚಿಡುತ್ತದೆ. ಮರದ ಹಿಡಿಯನ್ನು ತೋಳಿನಡಿ ಸಿಕ್ಕಿಸಿ ನಳಿಗೆಯನ್ನು ಮೇಲೆ ಕೆಳಗೆ, ಅಕ್ಕಪಕ್ಕ ಅಲುಗಿಸಿ. ನಳಿಗೆಗೂ ಹಿಂಗೋಡೆಗೂ (ಮುಚ್ಚಿದಾಗ ನಳಿಗೆಯ ಹಿಂತುದಿ ತಾಗುವ ಕಬ್ಬಿಣದ ಗೋಡೆ) ನಡುವೆ 0.05 ಮಿ.ಮೀ. ಫೀಲರ್ ನುಗ್ಗಬಾರದು. ಹಿಂಗೋಡೆಗೆ ಮೇಣದಬತ್ತಿಯ ಮಸಿ ಹಿಡಿಸಿ ಮುಚ್ಚಿ ತೆರೆದರೆ ಎಲ್ಲಿ ತಾಗುತ್ತದೆ, ಎಲ್ಲಿ ಇಲ್ಲ ಎಂದು ನಳಿಗೆಯ ಮೇಲೇ ಬರೆದಂತೆ ಬರುತ್ತದೆ.

ಕಾರಣ ಹೆಚ್ಚಾಗಿ ಕೀಲಿನ ಪಿನ್ನು ಮತ್ತು ಅದಕ್ಕೆ ಕೂರುವ ಕೊಕ್ಕೆ ಸವೆದದ್ದು. ಸರಿಯಾದ ರಿಪೇರಿ ದಪ್ಪ ಪಿನ್ನು ಹಾಕುವುದು, ಇಲ್ಲವೇ ಕೊಕ್ಕೆಗೆ ಲೋಹ ತುಂಬಿ ಅಳತೆಗೆ ತರುವುದು. ಕೊಕ್ಕೆಯ ಮೇಲೆ ಸಾಲಾಗಿ ಉಳಿಯ ಏಟಿನ ಗುರುತುಗಳಿದ್ದರೆ, ಅಥವಾ ತಗಡಿನ ಚೂರು ಅಂಟಿಸಿದ್ದರೆ ಅದು ಸಂತೆಯ ದಿನದ ರಿಪೇರಿ, ಐವತ್ತು ತೋಟಾಕ್ಕೆ ಮತ್ತೆ ಅಲುಗುತ್ತದೆ. ಕೋವಿ ತೆರೆಯುವ ಮೇಲಿನ ಸನ್ನೆ ಹೊಸದರಲ್ಲಿ ನಡುಗೆರೆಯ ಬಲಕ್ಕೆ ನಿಲ್ಲುತ್ತದೆ, ಸವೆದಂತೆ ನಡುವಿಗೆ ಬಂದು ಎಡಕ್ಕೆ ದಾಟುತ್ತದೆ.

ಕುದುರೆ, ಪಿನ್ನು, ಟ್ರಿಗರ್

ಖಾಲಿ ಚೇಂಬರಿಗೆ ಕುದುರೆ ಬಡಿಸಬೇಡಿ, ಹಳೆಯ ಪಿನ್ನು ಮುರಿಯುತ್ತದೆ. ಸ್ನ್ಯಾಪ್ ಕ್ಯಾಪ್ ಹಾಕಿಯೇ ನೋಡಿ.

ಹೊಡೆದ ಮೇಲೆ ಕೋವಿ ತೆರೆಯದೆ ಬಿಗಿದುಕೊಳ್ಳುವುದಾದರೆ ಲಾಕಿನ, ಅಂದರೆ ಕುದುರೆಯನ್ನು ನಡೆಸುವ ಯಂತ್ರದ, ಜಾತಿ ನೋಡಿ. ಬಡಿದ ಮೇಲೆ ತಾನೇ ಅರ್ಧಕ್ಕೆ ಹಿಂದೆ ಬರುವ ಕುದುರೆಯನ್ನು ಇಂಗ್ಲೆಂಡಿನ ಸ್ಟಾಂಟನ್ 1867ರಲ್ಲಿ ಪೇಟೆಂಟ್ ಮಾಡಿದ. ಅದಕ್ಕೂ ಹಿಂದಿನ ಮಾದರಿಯಲ್ಲಿ ಕುದುರೆ ಪಿನ್ನಿನ ಮೇಲೇ ಕೂತಿರುತ್ತದೆ, ಪಿನ್ನು ತೋಟಾದ ಕೇಪಿಗೆ ಚುಚ್ಚಿಕೊಂಡಿರುತ್ತದೆ. ಅದು ದೋಷವಲ್ಲ, ತೆರೆಯುವ ಮುಂಚೆ ಕುದುರೆಯನ್ನು ಕೈಯಿಂದ ಅರ್ಧಕ್ಕೆ ಎಳೆಯಬೇಕು ಅಷ್ಟೆ. ಅಂಥ ಕೋವಿಯನ್ನು ತೋಟಾ ಹಾಕಿ ಕುದುರೆ ಇಳಿಸಿ ಮುಚ್ಚಿದರೆ ಸಿಡಿಯಬಹುದು. ಆದರೆ ತಾನೇ ಹಿಂದೆ ಬರುವ ಮಾದರಿಯಾಗಿದ್ದು ಬರದಿದ್ದರೆ ಹಳೆಯ ಎಣ್ಣೆ ಗಟ್ಟಿಯಾಗಿರುವುದು ಮೊದಲ ಕಾರಣ, ಸ್ಪ್ರಿಂಗು ಸೋತಿರುವುದು ಎರಡನೆಯದು.

ಟಪ್ ಎಂದು ಕೇಪು ಸಿಡಿಯದೆ ಉಳಿದರೆ ಮೂವತ್ತು ಸೆಕೆಂಡು ಬಾಯಿ ದೂರ ಹಿಡಿದು ಕಾದು, ತೋಟಾ ತೆಗೆದು ಕೇಪಿನ ಗುರುತು ನೋಡಿ. ಗುರುತು ನಡುವಿನಲ್ಲೇ ಇದ್ದು ಆಳವಿಲ್ಲದಿದ್ದರೆ ಸ್ಪ್ರಿಂಗು, ಪಿನ್ನಿನ ತುದಿ, ಇಲ್ಲವೇ ಮೇಲೆ ಹೇಳಿದ ಸಡಿಲ. ಪಿನ್ನು ಹಿಂಗೋಡೆಯಿಂದ 1.0ರಿಂದ 1.3 ಮಿ.ಮೀ. ಹೊರಬರಬೇಕು. ಗುರುತು ಬದಿಗೆ ಸರಿದಿದ್ದರೆ ಪಿನ್ನಿನ ತೂತು ಸವೆದು ದೊಡ್ಡದಾಗಿದೆ. ಪಿನ್ನು ಮಾತ್ರ ಬದಲಿಸಿ ಪ್ರಯೋಜನವಿಲ್ಲ.

ಪೂರ್ತಿ ಎಳೆದ ಕುದುರೆಯನ್ನು ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳಿ, ಬಿಡಬಾರದು. ಅರ್ಧದಲ್ಲಿ ನಿಲ್ಲಿಸಿ ಟ್ರಿಗರ್ ಎಳೆಯಿರಿ, ಆಗಲೂ ಬಿಡಬಾರದು. ಎರಡನ್ನೂ ಪೂರ್ತಿ ಎಳೆದು, ಹಿಡಿಮರದ ಹಿಂತುದಿಯನ್ನು ದಪ್ಪ ರಬ್ಬರ್ ಮೇಲೆ ಕುಟ್ಟಿ. ಒಂದು ಬಿದ್ದರೂ ಅದು ಜೋಡಿ ಹೊಡೆತದ ಕೋವಿ, ಒಂದು ನಳಿಗೆಯ ಒದೆತಕ್ಕೆ ಇನ್ನೊಂದೂ ಸಿಡಿಯುತ್ತದೆ. ಟ್ರಿಗರಿನ ಭಾರ ಮುಂದಿನದಕ್ಕೆ ಸುಮಾರು 1.6 ಕೆ.ಜಿ., ಹಿಂದಿನದಕ್ಕೆ 2 ಇದ್ದರೆ ಸರಿ. 1 ಕೆ.ಜಿ.ಗಿಂತ ಕಡಿಮೆ ಇದ್ದರೆ ಯಾರೋ ನುಣುಪು ಮಾಡಲು ಹೋಗಿ ಕುದುರೆಯನ್ನು ತಡೆದು ಹಿಡಿಯುವ ಹಲ್ಲು ಸವೆಸಿದ್ದಾರೆ.

ಮರ

ಲಾಕಿನ ತಗಡಿನ ಹಿಂಭಾಗದಿಂದ ಹೊರಟ ಸೀಳು, ಎಣ್ಣೆ ಕುಡಿದು ಕಪ್ಪಾದ ಮರದ ತಲೆ, ಇವೆರಡು ನೋಡಿ. ಸ್ಪ್ರಿಂಗು ಕುದುರೆಯ ಹಿಂದಿರುವ ಲಾಕುಗಳಲ್ಲಿ ಹಿಡಿಯ ಕತ್ತಿನ ಮರವನ್ನೇ ಕೊರೆದಿರುವುದರಿಂದ ಸೀಳು ಅಲ್ಲಿ ಬೇಗ ಬರುತ್ತದೆ. ಟ್ರಿಗರಿನ ಕಾವಲು ಕೊಂಬಿನದಾಗಿದ್ದರೆ ಹುಳ ತಿಂದ ತೂತು, ಪದರು ಬಿಟ್ಟ ಅಂಚು ಹುಡುಕಿ. ಕೊಂಬಿನ ಕಾವಲು, ಎಡಕ್ಕೆ ಕೆನ್ನೆಯ ಆಸರೆ, ಹೆಗಲಪಟ್ಟಿಯ ಬಳೆ ಮೂರೂ ಇದ್ದರೆ ಮಧ್ಯ ಯುರೋಪಿನ ಬೇಟೆಗಾರನಿಗಾಗಿ ಮಾಡಿದ ಕೋವಿ ಎನ್ನಬಹುದು, ಆದರೆ ಅದು ಸುಳಿವು ಮಾತ್ರ, ಮುದ್ರೆಯ ಜಾಗ ತುಂಬುವುದಿಲ್ಲ.

ಬೆಲೆ

ಎನ್‌ಪಿ ಮುದ್ರೆ, ಮುಟ್ಟದ ಚೇಂಬರ್, ಸಾಕಷ್ಟು ದಪ್ಪ, ಗಟ್ಟಿ ಕೀಲು, ಮೂರೂ ಕಡೆ ಒಂದೇ ನಂಬರು ಇವಿಷ್ಟಿದ್ದರೆ ಮೇಲಿನ ಕೆತ್ತನೆ ಸರಳವಾಗಿದ್ದರೂ ಕೋವಿ ಬೆಲೆ ಬಾಳುತ್ತದೆ. ವಿಯೆನ್ನಾದ ಸ್ಪ್ರಿಂಗರ್, ಫೆರ್ಲಾಖ್‌ನ ಫಾಂಜೊಯ್, ಬೊರೊವ್ನಿಕ್ ಇಂಥ ಮನೆತನಗಳ ಹೆಸರಿದ್ದರೆ ಬೆಲೆ ಏರುತ್ತದೆ, ಆದರೆ ಆ ಹೆಸರು ಹೊಟ್ಟೆಯಡಿಯ ಮುದ್ರೆಗಳ ಜೊತೆ ಒಪ್ಪಬೇಕು. ಸ್ಪ್ರಿಂಗರ್ ಎಂದು ಮೇಲೆ ಬರೆದು ಕೆಳಗೆ ಲಿಯೇಜ್‌ನ ಮೊಟ್ಟೆ ಇದ್ದರೆ ಮೇಲಿನದನ್ನು ನಂಬಬೇಡಿ.

ಸ್ಕ್ರೂಗಳ ತಲೆ ನೋಡಲು ಮರೆಯಬೇಡಿ. ಮೂಲದಲ್ಲಿ ಸೀಳು ಕೂದಲಿನಷ್ಟು ತೆಳು, ಕೋವಿಯ ಉದ್ದಕ್ಕೆ ನಿಂತಿರುತ್ತದೆ. ಅಡ್ಡಾದಿಡ್ಡಿ ತಿರುಗಿ ಬಾಯಿ ಅಗಲವಾದ ಸ್ಕ್ರೂಗಳಿದ್ದರೆ ಒಳಗೆ ಕೈಯಾಡಿಸಿದವರ ಕೆಲಸ ಯಾವ ಮಟ್ಟದ್ದು ಎಂದು ಲಾಕು ಬಿಚ್ಚದೆಯೇ ಗೊತ್ತಾಗುತ್ತದೆ.

ಕರಿಮದ್ದಿನ ಕೋವಿ, ಒಳಗೆ ಗುಳಿ, ಕೀಲು ಸಡಿಲ, ಮೂರೂ ಕೂಡಿದ್ದರೆ ರಿಪೇರಿಯ ಖರ್ಚು ಕೋವಿಯ ಬೆಲೆಯನ್ನು ದಾಟುತ್ತದೆ. ಅದನ್ನು ಗೋಡೆಗೆ ಹಾಕಲು, ಆಯುಧಪೂಜೆಗೆ, ಕೊಡವರ ಆಯುಧಹಬ್ಬ ಕೈಲ್ ಪೊಳ್ದಿಗೆ ಹೂ ಮುಡಿಸಲು ಇಟ್ಟುಕೊಳ್ಳಬಹುದು, ಲೈಸೆನ್ಸ್ ಅಥವಾ ವಿನಾಯಿತಿ ಪತ್ರ ಆಗಲೂ ಬೇಕು. ಅಂಥ ಕೋವಿಗೆ ಒಂದು ಚೀಟಿ ಕಟ್ಟಿಡಿ: ಬೋರ್, ಅಳೆದ ಚೇಂಬರ್, ತೆಳುವಾದ ಜಾಗದ ದಪ್ಪ, ಅಳೆದ ದಿನಾಂಕ, ‘ತೋಟಾ ಹಾಕಬಾರದು’.